ರೋಪ್‌ವೇಯಲ್ಲಿ ಬೈಯುವ ಕ್ರಮ

"ಕೆಳಗೆ ನೋಡಬೇಡಿ" ಎಂದು ಸಲಹೆ ಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಗ್ಗಕ್ಕೆ ನೇತುಹಾಕಿದ ಡಬ್ಬಿಯೊಳಗೆ ಮನುಷ್ಯನನ್ನು ಕೂರಿಸಿ, ನಾಲ್ಕು ಕಡೆಗೂ ಗಾಜು ಹಾಕಿ, ಅದೂ ಸಾಲದೆಂದು ಕಾಲ ಕೆಳಗೂ ಒಂದು ತುಂಡು ಗಾಜು ಕೂರಿಸಿ, ಆಮೇಲೆ ನೋಡಬೇಡ ಅನ್ನುವುದು ಯಾವ ಸೀಮೆ ನ್ಯಾಯ? ಊಟಕ್ಕೆ ಕರೆದು, ಎಲೆ ಹಾಕಿ, ಬಡಿಸಿ, ಎಲೆ ಕಡೆ ನೋಡಬೇಡಿ ಎಂದ ಹಾಗಾಯಿತು. ಕಣ್ಣು ಮುಚ್ಚಿಕೊಂಡು ಕೂರುವುದೇ ಆಗಿದ್ದರೆ ನಾನು ದೊಡ್ಡಬಳ್ಳಾಪುರದಲ್ಲೇ ಕೂರುತ್ತಿದ್ದೆ. ಅದಕ್ಕೆ ಟಿಕೆಟ್ಟೂ ಬೇಕಿರಲಿಲ್ಲ, ಸ್ವೆಟರೂ ಬೇಕಿರಲಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವನ್ಯಾರೋ ಹುಟ್ಟು ಪುಕ್ಕಲ ಎಂದುಕೊಳ್ಳುತ್ತೀರಿ. ನಮ್ಮದು ನಾಲ್ಕು ಪವರ್‌ಲೂಮ್. ಮನೆಯ ಮುಂದಿನ ಅರ್ಧ ನಮಗೆ, ಹಿಂದಿನ ಅರ್ಧ ಮಗ್ಗಗಳಿಗೆ. ಆ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ನನ್ನ ಗಂಟಲು ದೊಡ್ಡದಾಗಿದೆ, ಅದರಿಂದ ಬೀದಿಯಲ್ಲಿ ಸಿಟ್ಟಿನ ಮನುಷ್ಯ ಎಂಬ ಹೆಸರೂ ಬಂದಿದೆ. ಹರೆಯದಲ್ಲಿ ಮಾಕಳಿದುರ್ಗವನ್ನು ಎರಡು ಸಲ ಹತ್ತಿದ್ದೇನೆ, ಅದರಲ್ಲಿ ಒಂದು ಸಲ ಎಲ್ಲರ ಚಿತ್ರಾನ್ನದ ಪಾತ್ರೆ ಹೊತ್ತುಕೊಂಡು. ಎತ್ತರಕ್ಕೆ ನಾನು ಹೆದರುವವನಲ್ಲ. ಬೆಟ್ಟ ಹತ್ತುವಾಗ ಕಾಲ ಕೆಳಗೆ ಬೆಟ್ಟ ಇರುತ್ತದೆ. ಹತ್ತುವುದೇ ಬೇರೆ, ನೇತಾಡುವುದೇ ಬೇರೆ. ಇದು ಮೇಕೆಗೂ ಗೊತ್ತು, ನನ್ನ ಬಾಮೈದನಿಗೆ ಗೊತ್ತಿಲ್ಲ.

ಬಾಮೈದ ಎಂದರೆ ನನ್ನ ಹೆಂಡತಿ ಭಾಗ್ಯಳ ತಮ್ಮ, ದೇವನಹಳ್ಳಿಯವನು. ದಿನವಿಡೀ ನೆತ್ತಿಯ ಮೇಲೆ ವಿಮಾನ ಹಾರುವ ಊರಿನಲ್ಲಿದ್ದು ಅವನಿಗೆ ಆಕಾಶ ಎಂದರೆ ಹಿತ್ತಲು. ಉತ್ತರದ ಕಡೆ ಒಂದು ಹಿಮದ ಬೆಟ್ಟದೂರಿಗೆ ನಮ್ಮಿಬ್ಬರನ್ನು ಕಳಿಸುವುದೆಂದು ತಾನೇ ತೀರ್ಮಾನಿಸಿ, ಅಲ್ಲಿನ ರೋಪ್‌ವೇ ವಿಡಿಯೋಗಳನ್ನು ದಿನಕ್ಕೊಂದರಂತೆ ಕಳಿಸತೊಡಗಿದ. ಪ್ರತಿಯೊಂದರ ಕೆಳಗೂ ಒಂದೇ ಒಕ್ಕಣೆ, ರೋಡಿಗಿಂತ ಸೇಫ್ ಭಾವ. ನಮ್ಮ ರೋಡಿನಲ್ಲಿ ಸಂಜೆ ಲಾರಿಗಳ ಮಧ್ಯೆ ಸ್ಕೂಟರ್ ಓಡಿಸುವವನಿಗೆ ಇದೊಂದು ಸಮಾಧಾನವೇ? ನಮ್ಮ ರೋಡಿಗಿಂತ ಹುಲಿಯ ಬೋನೂ ಸೇಫ್.

ನಾನು ಎಂದಿನಂತೆ ಮಗ್ಗ ಬಿಟ್ಟು ಬರುವುದಕ್ಕಾಗುವುದಿಲ್ಲ ಎಂದೆ. ಆಗ ಭಾಗ್ಯ ನನ್ನೆದುರೇ ಕೂತು ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೈ ನಿಲ್ಲಿಸಿದಳು.

"ಊಟಿ ಅಂದಾಗ ಮಗ್ಗ ಅಂದ್ರಿ. ನಮ್ಮಕ್ಕನ ಜೊತೆ ಕಾಶಿ ಅಂದಾಗ್ಲೂ ಮಗ್ಗ ಅಂದ್ರಿ. ಇದೂ ಬೇಡ ಅನ್ನಿ, ಪರ್ವಾಗಿಲ್ಲ. ಇನ್ಮೇಲೆ ಕೇಳಲ್ಲ ಅಷ್ಟೇ."

ಅಷ್ಟು ಹೇಳಿ ಮತ್ತೆ ನೂಲು ಸುತ್ತತೊಡಗಿದಳು. ಸಿಟ್ಟಿನಿಂದ ಹೇಳಿದ್ದರೆ ನಾನು ಅದಕ್ಕಿಂತ ಜೋರು ಸಿಟ್ಟು ಮಾಡಿ ಗೆದ್ದುಬಿಡುತ್ತಿದ್ದೆ. ತಣ್ಣಗೆ ಹೇಳಿದಳು. ಹೆಂಡತಿ ಕೇಳುವುದನ್ನು ನಿಲ್ಲಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಅಲ್ಲಿ ಗಂಡಹೆಂಡಿರು ಉಪ್ಪು, ಕರೆಂಟು, ನಲ್ಲಿ ನೀರು ಇವಿಷ್ಟರ ಬಗ್ಗೆ ಮಾತ್ರ ಮಾತಾಡುತ್ತಾರೆ. ನನಗೆ ಆ ಹಗ್ಗಕ್ಕಿಂತ ಈ ಮಾತು ಹೆಚ್ಚು ಹೆದರಿಕೆ ತಂದಿತು. ಆಯ್ತು, ಹೋಗೋಣ ಎಂದುಬಿಟ್ಟೆ. ಹೇಳಿದ ಮರುಗಳಿಗೆಯಿಂದ ನನ್ನ ನಿದ್ದೆ ಹೋಯಿತು.

ಹೆದರಿಕೆಯಾಗುತ್ತಿದೆ ಎಂದು ಬಾಮೈದನಿಗೆ ಫೋನಿನಲ್ಲಿ ಬಾಯಿಬಿಟ್ಟದ್ದು ನಾನು ಮಾಡಿದ ಇನ್ನೊಂದು ತಪ್ಪು. ಅದಕ್ಕೆ ಫೋಬಿಯಾ ಅಂತಾರೆ ಭಾವ ಎಂದ. ಉಸಿರನ್ನು ನಾಲ್ಕು ಎಣಿಸುವವರೆಗೆ ಎಳೆದುಕೊಂಡು, ನಾಲ್ಕು ಎಣಿಸುವವರೆಗೆ ಬಿಡಬೇಕಂತೆ. ಐವತ್ತೈದು ವರ್ಷದಿಂದ ಯಾರ ಲೆಕ್ಕವೂ ಇಲ್ಲದೆ ಉಸಿರಾಡಿಕೊಂಡು ಬಂದವನು ನಾನು. ಎಣಿಸಲು ಕೂತ ಮೇಲೆ ಮೂರರ ನಂತರ ಉಸಿರೇ ಬರಲಿಲ್ಲ. ಅಲ್ಲ, ಒಳ್ಳೆಯ ಬುದ್ಧಿಗೆ ಕಾಯಿಲೆಯ ಹೆಸರಿಟ್ಟವರು ಯಾರು? ಬೀಳುತ್ತೇನೆ ಎಂಬ ಹೆದರಿಕೆಯಿಲ್ಲದೆ ಕೊಂಬೆಯ ತುದಿಗೆ ಹೋದವರು ಯಾರ ಮುತ್ತಜ್ಜನೂ ಆಗಲಿಲ್ಲ. ನಾವೆಲ್ಲ ಬುಡದ ಹತ್ತಿರ ಕೂತವರ ಸಂತಾನ. ನಲ್ಲೂರಿನ ಹುಣಸೆ ತೋಪಿಗೆ ಹೋಗಿ ನೋಡಿ. ನೂರಾರು ವರ್ಷದ ಮರಗಳು, ಒಳಗೆಲ್ಲ ಟೊಳ್ಳಾಗಿದ್ದರೂ ಚಿಗುರುತ್ತವೆ. ಆಯುಸ್ಸಿನ ಗುಟ್ಟೇನು ಎಂದರೆ, ಅವು ಟೂರಿಗೆ ಹೋಗಲಿಲ್ಲ.

ಇನ್ನು ಹಗ್ಗದ ವಿಷಯ. ಅದು ಒಂದೇ ಹಗ್ಗವಲ್ಲ, ಒಳಗೆ ಎಷ್ಟೋ ಎಳೆ ಉಕ್ಕಿನ ತಂತಿ ಹೊಸೆದಿರುತ್ತಾರೆ, ಹರಿಯುವ ಮಾತೇ ಇಲ್ಲ ಎಂದು ಬಾಮೈದ ವಿವರಿಸಿದ. ಎಳೆ ಹರಿಯುವುದಿಲ್ಲ ಎನ್ನುವವನು ಒಂದು ದಿನವೂ ಮಗ್ಗದ ಮುಂದೆ ನಿಂತವನಲ್ಲ. ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟಿದ ಹಾಸಿನಲ್ಲಿ ಸಾವಿರಾರು ಎಳೆ ಇರುತ್ತವೆ, ಯಾವುದು ಯಾವಾಗ ಹರಿಯುತ್ತದೆಂದು ನೇಯ್ದವನಿಗೂ ಗೊತ್ತಾಗುವುದಿಲ್ಲ. ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕುತ್ತೇವೆ. ಅಲ್ಲಿ ಆಕಾಶದಲ್ಲಿ ಗಂಟು ಹಾಕುವವನು ಯಾರು?

ಹೀಗೆ ಎಲ್ಲರ ಮೇಲೂ ಹರಿಹಾಯುತ್ತಲೇ ಆ ಊರು ತಲುಪಿದೆ. ದಾರಿಯಲ್ಲಿ ಬ್ಯಾಗಿನ ಜಿಪ್ಪನ್ನು ಬೈದೆ, ಹೋಟೆಲಿನ ಇಡ್ಲಿಯನ್ನು ಬೈದೆ, ಚಳಿಯನ್ನು ಬೈದೆ. ರೋಪ್‌ವೇ ಬಾಗಿಲಲ್ಲಿ ಎರಡು ಬೋರ್ಡುಗಳಿದ್ದವು. ಒಂದರಲ್ಲಿ ನಗುನಗುತ್ತಾ ಪ್ರಯಾಣಿಸಿ ಎಂದೂ, ಅದರ ಕೆಳಗಿನ ಇನ್ನೊಂದರಲ್ಲಿ ಸಣ್ಣ ಅಕ್ಷರದಲ್ಲಿ ಆಗುಹೋಗುಗಳಿಗೆ ನೀವೇ ಹೊಣೆ ಎಂದೂ ಇತ್ತು. ನಗುವುದು ನಾವು, ಹೊಣೆಯೂ ನಾವು, ಹಾಗಾದರೆ ಅವರದೇನು? ಅಷ್ಟರಲ್ಲಿ ಒಬ್ಬ ಫೋಟೋದವನು ಬಂದು ಹತ್ತುವ ಮೊದಲೇ ನಮ್ಮಿಬ್ಬರ ಫೋಟೋ ಹೊಡೆದ. ಇಳಿದ ಮೇಲೆ ಯಾಕೆ ಹೊಡೆಯಬಾರದು ಎಂದು ಕೇಳಬೇಕೆಂದುಕೊಂಡೆ, ಉತ್ತರ ಏನಿರಬಹುದೋ ಎಂದು ಸುಮ್ಮನಾದೆ.

ನಾಲ್ಕು ಜನರ ಡಬ್ಬಿ ಅದು. ನಮ್ಮ ಜೊತೆ ಹತ್ತಬೇಕಿದ್ದ ಗಂಡಹೆಂಡತಿ ನನ್ನ ಮುಖ ನೋಡಿ ಮುಂದಿನದರಲ್ಲಿ ಬರುತ್ತೇವೆ ಎಂದು ಹಿಂದೆ ಸರಿದರು. ಬಾಗಿಲು ಮುಚ್ಚಿತು, ನೆಲ ಜಾರಿತು, ಪೈನ್ ಮರಗಳ ತುದಿಗಳು ಕಾಲ ಕೆಳಗೆ ಬಂದವು. ಮರದ ತುದಿಯನ್ನು ಮೇಲಿನಿಂದ ನೋಡುವುದು ಕಾಗೆಯ ಕೆಲಸ, ನನ್ನದಲ್ಲ. ಇರಲಾರದವರು ಇರುವೆ ಬಿಟ್ಟುಕೊಂಡರಂತೆ, ನಾನು ಅದನ್ನು ಖುದ್ದಾಗಿ ಮಾಡಿದ್ದೆ. ಪುರಾಣದಲ್ಲಿ ಸ್ವರ್ಗಕ್ಕೂ ಭೂಮಿಗೂ ಮಧ್ಯೆ ನೇತಾಡಿದ ರಾಜನೊಬ್ಬನಿದ್ದಾನೆ. ಅವನನ್ನಾದರೂ ಹಿಡಿದು ನಿಲ್ಲಿಸಿದ್ದು ಒಬ್ಬ ಋಷಿಯ ಸಿಟ್ಟು. ನನಗೆ ಯಾರಿದ್ದಾರೆ ಎಂದುಕೊಳ್ಳುವಷ್ಟರಲ್ಲಿ ಡಬ್ಬಿ ನಿಂತುಬಿಟ್ಟಿತು.

ನಿಂತದ್ದಷ್ಟೇ ಅಲ್ಲ, ಸದ್ದೂ ನಿಂತಿತು. ಮಗ್ಗ ತಾನಾಗಿ ನಿಂತಿತೆಂದರೆ ಏನೋ ಹರಿದಿದೆ ಎಂದರ್ಥ, ಅದು ನನ್ನ ಕಸುಬು ಕಲಿಸಿದ ಪಾಠ. ಗಾಳಿಗೆ ಡಬ್ಬಿ ಸಣ್ಣಗೆ ತೂಗಿತು. ಜೀವಮಾನದಲ್ಲಿ ಮೊದಲ ಸಲ ಬೈಯುವುದಕ್ಕೂ ಮಾತು ಸಿಗದೆ ನಾನು ಮೊಣಕಾಲು ನೋಡುತ್ತಾ ಕೂತೆ. ಭಾಗ್ಯ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಬೆವರಿ ಒದ್ದೆಯಾಗಿತ್ತು.

"ಹಿಂಗ್ ಸುಮ್ನೆ ಕೂತ್ಕೋಬೇಡಿ ಕಣ್ರೀ, ಯಾರನ್ನಾದ್ರೂ ಬೈರಿ. ನೀವು ಬೈತಾ ಇದ್ರೆ ನನಗೆ ಧೈರ್ಯ."

ನಾನು ಅವಳ ಮುಖ ನೋಡಿದೆ. ಅವಳು ಹೇಳಿದ್ದು ಇಷ್ಟು. ನನಗೆ ಹೆದರಿಕೆಯಾದಾಗಲೆಲ್ಲ ಸಿಟ್ಟು ಬರುತ್ತದೆಂದು ಅವಳಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತಂತೆ. ಮಗಳು ಹುಟ್ಟುವಾಗ ನಾನು ಆಸ್ಪತ್ರೆಯ ಕುರ್ಚಿಯನ್ನು ಬೈದದ್ದು, ಆ ಮಗಳ ಮದುವೆಯಲ್ಲಿ ಅಡಿಗೆ ಭಟ್ಟರನ್ನು ಅಟ್ಟಾಡಿಸಿದ್ದು ಎಲ್ಲ ಅದೇ ಅಂತೆ. ನಾನು ಬೈಯುತ್ತಿದ್ದೇನೆಂದರೆ ಇನ್ನೂ ಕೈಚೆಲ್ಲಿಲ್ಲ ಎಂದು ತಿಳಿದು ಅವಳು ಧೈರ್ಯವಾಗಿರುತ್ತಿದ್ದಳಂತೆ. ಇಪ್ಪತ್ತೆಂಟು ವರ್ಷ ನಾನು ಗದರಿಸಿ ಮನೆ ಆಳುತ್ತಿದ್ದೇನೆಂದು ತಿಳಿದಿದ್ದೆನಲ್ಲ! ನನಗೆ ವಿಪರೀತ ಅವಮಾನವಾಯಿತು. ಅವಮಾನವಾದದ್ದೇ ಬಾಯಿ ಬಂತು.

ಮೊದಲು ಬಾಮೈದನನ್ನು ಹಿಡಿದೆ. ಅವನ ನಾಲ್ಕು ಎಣಿಕೆಯ ಉಸಿರನ್ನು, ಆಮೇಲೆ ಬೋರ್ಡು ಬರೆದವನನ್ನು, ಫೋಟೋದವನನ್ನು, ದೇವರು ಕೊಟ್ಟ ಕಾಲು ಸಾಲದೆಂದು ಈ ಡಬ್ಬಿಯನ್ನು ಕಂಡುಹಿಡಿದ ಮಹಾನುಭಾವನನ್ನು ಒಬ್ಬೊಬ್ಬರಾಗಿ ವಿಚಾರಿಸಿಕೊಂಡೆ. ಒಂದು ಮುಗಿದ ಕೂಡಲೇ ಭಾಗ್ಯ ನೂಲು ಮುಗಿದ ಕಂಡಿಕೆ ಬದಲಾಯಿಸುವ ಹಾಗೆ ಇನ್ನೊಂದು ಕೊಡುತ್ತಿದ್ದಳು, ಆ ಜಿಪ್ ಮಾಡ್ದೋನು, ಆ ಇಡ್ಲಿಯೋನು ಎಂದು. ಇಡ್ಲಿಯವನ ಅರ್ಧಕ್ಕೆ ಬಂದಾಗ ಡಬ್ಬಿ ಹೊರಟಿತು.

ನಿನಗೂ ಹೆದರಿಕೆ ಇದ್ದ ಮೇಲೆ ಯಾಕೆ ಬರಬೇಕಿತ್ತು ಎಂದು ಕೇಳಿದೆ.

"ಹೆದ್ರಿಕೆ ಇದ್ದಿದ್ದಕ್ಕೇ ನಿಮ್ಮನ್ನ ಕರೆದಿದ್ದು. ಇಲ್ದಿದ್ರೆ ಒಬ್ಳೇ ಬರ್ತಿದ್ದೆ."

ಮೇಲೆ ತಲುಪಿದ ಮೇಲೆ ನೂಲಿನ ವ್ಯಾಪಾರಿಗಳ ಜೊತೆ ಆಡಿ ಕಲಿತ ಹಿಂದಿಯಲ್ಲಿ ಅಲ್ಲಿನ ಕೆಲಸದವನನ್ನು ತರಾಟೆಗೆ ತೆಗೆದುಕೊಂಡೆ. ಕೆಳಗೆ ಒಬ್ಬ ಅಜ್ಜಿಗೆ ಹತ್ತುವುದು ಕಷ್ಟವಾಯಿತು, ಅವರನ್ನು ಕೂರಿಸುವವರೆಗೆ ನಿಲ್ಲಿಸಿದ್ದೆವು ಎಂದ. ಆ ಅಜ್ಜಿ ನಮ್ಮ ಹಿಂದೆ ಬಂದ ಡಬ್ಬಿಯೊಂದರಿಂದ ಇಳಿದು ನನಗೆ ಕೈಮುಗಿದು ನಗುತ್ತಾ ಹೋದರು. ಅಷ್ಟು ಹೊತ್ತು ಚೆನ್ನಾಗಿದ್ದ ನನ್ನ ಸಿಟ್ಟು ಅಲ್ಲಿಗೆ ಹಾಳಾಯಿತು. ಹಿಮ ನೋಡಿದೆವು, ಚಹಾ ಕುಡಿದೆವು. ಇಳಿಯುವ ಹೊತ್ತಿಗೆ ನನ್ನ ಹತ್ತಿರ ಬೈಯುವುದಕ್ಕೆ ಯಾರೂ ಉಳಿದಿರಲಿಲ್ಲ, ಹೆದರಿಕೆ ಮಾತ್ರ ಹಾಗೇ ಇತ್ತು. ಭಾಗ್ಯ ಒಂದು ಕ್ಷಣ ಯೋಚಿಸಿದಳು. ಈ ಸಲ ತಾನು ಬೈಯುತ್ತೇನೆ, ನಾನು ಕೇಳಿಸಿಕೊಂಡಿದ್ದರೆ ಸಾಕು ಎಂದಳು. ಯಾರನ್ನು ಎಂದು ನಾನು ಕೇಳಲಿಲ್ಲ.

ಬಾಗಿಲು ಮುಚ್ಚಿದ್ದೇ ಶುರು ಮಾಡಿದಳು. ಗಟ್ಟಿಯಾಗಿ ಅಲ್ಲ, ಲೆಕ್ಕ ಒಪ್ಪಿಸುವ ಹಾಗೂ ಅಲ್ಲ, ನೆನಪಾದಂತೆ. ಅವರಪ್ಪ ತೀರಿಕೊಂಡಾಗ ಮದುವೆ ಸೀಸನ್ ಎಂದು ಮೂರನೇ ದಿನಕ್ಕೇ ನಾನು ಅವಳನ್ನು ವಾಪಸ್ ಕರೆತಂದದ್ದು ಬಂತು. ಅವಳಿಗೆ ಜ್ವರ ಬಂದಾಗ ನಾನು ಮಗ್ಗದ ಮೋಟರಿಗೆ ಎಣ್ಣೆ ಬಿಡುತ್ತಾ ಕೂತದ್ದು ಬಂತು. ಸಮಜಾಯಿಷಿ ಹೇಳಲು ಎರಡು ಸಲ ಬಾಯಿ ತೆರೆದೆ, ಈಗ ನಿಮ್ಮ ಸರದಿ ಅಲ್ಲ ಎಂದಳು. ಕಾಲ ಕೆಳಗೆ ಪೈನ್ ಮರಗಳು ಬಂದು ಹೋಗಿರಬೇಕು, ನಾನು ನೋಡಲಿಲ್ಲ.

"ನಾಲ್ಕು ಮಗ್ಗ ಇಟ್ಕೊಂಡು ಇಪ್ಪತ್ತೆಂಟು ವರ್ಷ ನನಗೆ ತಪ್ಪು ಬಿದ್ದಿರೋ ಸೀರೆನೇ ಕೊಟ್ರಿ. ಮಾರಕ್ಕಾಗ್ದೆ ಇರೋದು ಭಾಗ್ಯಂಗೆ. ಒಂದ್ಸಲನಾದ್ರೂ ಚೆನ್ನಾಗಿರೋದನ್ನ ಮಗ್ಗದಿಂದ ಇಳ್ಸಿ, ಇದು ನಿಂಗೆ ಅಂದಿದ್ದೀರಾ?"

ನಮ್ಮ ಕಡೆ ನೇಯುವವರ ಮನೆಗಳಲ್ಲಿ ಅದು ನಡೆದುಕೊಂಡು ಬಂದದ್ದು, ನಮ್ಮಮ್ಮ ಉಟ್ಟದ್ದೂ ಅದನ್ನೇ ಎಂದು ಹೇಳಬಹುದಿತ್ತು. ಆದರೆ ಸ್ವೆಟರಿನ ಕೆಳಗೆ ಅವಳ ಸೀರೆಯ ಸೆರಗು ಕಾಣುತ್ತಿತ್ತು. ಅಂಚಿನ ಹತ್ತಿರ ಒಂದೆಡೆ ಎಳೆ ತಪ್ಪಿ ಗೆರೆ ಬಿದ್ದಿತ್ತು. ನಾನೇ ನೇಯ್ದ ಸೀರೆ. ನನಗೆ ತುಂಬಾ ನಾಚಿಕೆಯಾಯಿತು.

ಅವಳು ಮುಂದಿನದನ್ನು ಶುರು ಮಾಡುವ ಹೊತ್ತಿಗೆ ಡಬ್ಬಿ ನೆಲ ಮುಟ್ಟಿತು, ಬಾಗಿಲು ತೆರೆಯಿತು. ಇನ್ನೂ ಇದೆ, ಇರಲಿ ಬಿಡಿ ಎಂದು ಸೆರಗು ಸರಿಮಾಡಿಕೊಂಡು ಇಳಿದಳು. ಆ "ಇರಲಿ ಬಿಡಿ" ನನಗೆ ಹಿಡಿಸಲಿಲ್ಲ. ಅವಳನ್ನು ಅಲ್ಲೇ ನಿಲ್ಲಲು ಹೇಳಿ, ಕೌಂಟರಿಗೆ ಹೋಗಿ ಇನ್ನೆರಡು ಟಿಕೆಟ್ ತೆಗೆದುಕೊಂಡು ಬಂದೆ.