ಹಳೇ ಲ್ಯಾಪ್‌ಟಾಪು, ಹಗುರ ಲಿನಕ್ಸು, ಅತ್ತೆಯ ಹಾಡು

ಕಳೆದ ವಾರ ಹನ್ನೊಂದು ಹಾಡುಗಳನ್ನು ಕೈಯಾರೆ ಕಳೆದೆ. ಅದೂ ಕಂಪ್ಯೂಟರನ್ನು ಅಚ್ಚುಕಟ್ಟಾಗಿ ಶಟ್‌ಡೌನ್ ಮಾಡಿ!

ಮದುವೆ ಮನೆಯ ಆ ಹಾಡುಗಳು ನಮ್ಮತ್ತೆಯವು. ಆರತಿ ಹಾಡು, ಉರುಟಣೆ ಹಾಡು, ಬೀಗರನ್ನು ರೇಗಿಸುವ ಹಾಡು. ಯಾವ ಪುಸ್ತಕದಲ್ಲೂ ಇಲ್ಲ, ಎಂಬತ್ತೆರಡರ ಅವರ ನೆನಪಿನಲ್ಲಿ ಮಾತ್ರ ಇವೆ. ಬರುವ ತಿಂಗಳು ನಾದಿನಿಯ ಮಗಳ ಮದುವೆ. ತಾಂಬೂಲದ ಜೊತೆ ಹಾಡಿನ ಪುಟ್ಟ ಪುಸ್ತಕ ಕೊಡೋಣ ಎಂದು ಹೊರಟವಳು ನಾನು.

ಆದರೆ ನಮ್ಮ ಹಳೇ ಲ್ಯಾಪ್‌ಟಾಪ್? ಬಟನ್ ಒತ್ತಿ, ಹುರುಳಿಕಾಯಿ ಹೆಚ್ಚಿಟ್ಟು ಬಂದರೂ ಇನ್ನೂ ಏಳುತ್ತಲೇ ಇರುತ್ತದೆ. (ಫೋನಿನಲ್ಲಿ ಕನ್ನಡ ಒತ್ತಿ ಒತ್ತಿ ಹೆಬ್ಬೆರಳು ಮುಷ್ಕರ ಹೂಡಿತ್ತು.)

ಎದುರು ಮನೆಯ ನಿರ್ಮಲಾ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿದ್ದು ರಿಟೈರ್ ಆದವರು. "ಬಿಸಾಕ್ಬೇಡಿ ರೀ, ಈಗಿರೋ ಆಪರೇಟಿಂಗ್ ಸಿಸ್ಟಮ್ ತೆಗ್ದು ಹಗುರವಾಗಿರೋ ಲಿನಕ್ಸ್ ಹಾಕಿದ್ರೆ ಇನ್ನೂ ಐದು ವರ್ಷ ಓಡತ್ತೆ" ಎಂದು ಮೂರು ಪೆನ್‌ಡ್ರೈವ್ ತಂದುಕೊಟ್ಟರು. ಮೂರರಲ್ಲೂ ಬೇರೆ ಬೇರೆ ಬಗೆಯ ಲಿನಕ್ಸ್. "ಮೊದ್ಲು ಪೆನ್‌ಡ್ರೈವಿಂದಲೇ ಓಡ್ಸಿ ನೋಡಿ. ಹಿಡಿಸಿದ್ದನ್ನ ಆಮೇಲೆ ಇನ್‌ಸ್ಟಾಲ್ ಮಾಡೋಣ."

ಥೇಟ್ ಸೀರೆ ಆರಿಸಿದ ಹಾಗೆ. ಒಂದು ತೀರಾ ಸಪ್ಪೆ. ಇನ್ನೊಂದು ಚೆಂದವಿತ್ತು, ಆದರೆ ನಮ್ಮ ಮುದಿ ಯಂತ್ರಕ್ಕೆ ಭಾರ. ಮೂರನೆಯದು ಹಾಲು ಉಕ್ಕುವುದರೊಳಗೆ ತೆರೆದುಕೊಂಡಿತು! 'ಲಕ್ಷ್ಮೀ' ಎಂದು ಟೈಪ್ ಮಾಡಿದೆ. ಒತ್ತಕ್ಷರ ಮೈಗೆ ಮೈ ತಾಗಿಸಿಕೊಂಡು ಕೂತಿತು. ಇನ್ನೇನು ಬೇಕು?

ಆ ಖುಷಿಯಲ್ಲಿ ಅಲ್ಲೇ ಶುರು ಹಚ್ಚಿಕೊಂಡೆ. ಅತ್ತೆ ಗಾಂಧಿ ಬಜಾರಿನ ಮಲ್ಲಿಗೆ ಕಟ್ಟುತ್ತಾ ಇಡೀ ಮಧ್ಯಾಹ್ನ ಹೇಳಿದರು, ನಾನು ಟಕಟಕ ಇಳಿಸಿದೆ. ಸೇವ್ ಮಾಡಿದೆ. ಕೆಲಸ ಮುಗಿದ ಮೇಲೆ ಎಲ್ಲ ಮುಚ್ಚಿಡಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರಲ್ಲ, ಶಟ್‌ಡೌನ್ ಕೂಡ ಮಾಡಿದೆ.

ಮರುದಿನ ಫೋಲ್ಡರ್ ಖಾಲಿ.

"ಅಯ್ಯೋ, ಅದು ಬರೀ ಟ್ರಯಲ್ ಕಣ್ರೀ! ಇನ್‌ಸ್ಟಾಲ್ ಮಾಡ್ದೆ ಆಫ್ ಮಾಡಿದ್ರೆ ಏನೂ ಉಳಿಯಲ್ಲ" ಎಂದರು ನಿರ್ಮಲಾ. ಅಂಗಡಿಯಲ್ಲಿ ಹೆಗಲ ಮೇಲೆ ಹಾಕಿ ನೋಡಿದ ಸೀರೆಗೆ ನಾನು ಫಾಲ್ ಕೂಡ ಹೊಲಿಸಿಬಿಟ್ಟಿದ್ದೆ.

ಅವರೇ ಕೂತು ಇನ್‌ಸ್ಟಾಲ್ ಮಾಡಿಕೊಟ್ಟರು. ಆದರೆ ಅತ್ತೆಗೆ ಹೇಳುವುದು ಹೇಗೆ? ಅಷ್ಟೂ ಹಾಡು ಮತ್ತೊಮ್ಮೆ ನೆನಪಾಗದಿದ್ದರೆ?

ಅಳುಮುಖ ಮಾಡಿಕೊಂಡು ಹೇಳಿದೆ. ಅತ್ತೆ ನಕ್ಕುಬಿಟ್ಟರು. "ಹೋದ್ರೆ ಹೋಗ್ಲಿ ಬಿಡೇ. ಬೀಗರ ಹಾಡಲ್ಲಿ ಎರಡು ನುಡಿ ಬೇಕಂತಲೇ ಬಿಟ್ಟಿದ್ದೆ."

"ಯಾಕತ್ತೆ?"

"ಸೊಸೇನ ರೇಗ್ಸೋ ನುಡಿ ಕಣೇ ಅದು. ಮುಖ ನೋಡ್ಕೊಂಡು ಹಾಡ್ಬೇಕು. ನೀನೋ, ಆ ಡಬ್ಬಿ ಮುಖಾನೇ ನೋಡ್ತಿದ್ದೆ!"

ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟೆ. ಈ ಸಲ ಮೊದಲು ಹಾಡು, ಆಮೇಲೆ ಟೈಪಿಂಗ್. ಸೊಸೆಯ ಮೊಂಡು ಮೂಗಿಗೂ ನೀರು ಸಾರಿಗೂ ಎಂಥ ಚುರುಕು ಏಟು! ನನ್ನ ಗಲ್ಲ ಹಿಡಿದೇ ಹಾಡಿದರು, ಮಧ್ಯೆ ಮಧ್ಯೆ ತಾವೇ ನಕ್ಕು ತಾಳ ತಪ್ಪಿದರು. ಮರೆತೇಹೋಗಿದ್ದ ಇನ್ನೆರಡು ಹಾಡೂ ಬಂದವು. ಹದಿಮೂರೂ ಈಗ ಚಾಮರಾಜಪೇಟೆಯ ಪ್ರೆಸ್ಸಿನಲ್ಲಿವೆ.

ಅತ್ತೆಯ ಮುಖ ನೋಡುತ್ತಾ ಹಾಡು ಕೇಳಲು ನನಗೆ ಒಂದು ಫೋಲ್ಡರ್ ಖಾಲಿಯಾಗಬೇಕಿತ್ತೇ?