ಇಲ್ಲು ಅಂದರೆ ಇಲ್ಲ ಅಲ್ಲ

ಆಗೋದೇ ಇಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. "ನಮ್ಮ ಮನೆಗಳಿಗೆ ಹಕ್ಕುಪತ್ರನಾ? ಟಗರು ಹಾಲು ಕರೆದ ದಿನ ಕೊಡ್ತಾರೆ ತಗ" ಎಂದು ಬೀಡಿ ಹಚ್ಚಿದ್ದರು.

ನಾನು ಆಗಷ್ಟೇ ಚಳ್ಳಕೆರೆಯಲ್ಲಿ ಬಿ.ಎ. ಮುಗಿಸಿದ್ದೆ. ನಮ್ಮ ಹಟ್ಟಿಯಲ್ಲಿ ಡಿಗ್ರಿ ಮಾಡಿದ ಮೊದಲ ತಲೆ ನನ್ನದೇ. ಅದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಮೂರು ವರ್ಷ, ಬೆಳಿಗ್ಗೆ ಮರಿಗಳಿಗೆ ಸೊಪ್ಪು ಹಾಕಿ, ಬಿ.ಜಿ. ಕೆರೆವರೆಗೆ ನಡೆದು, ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಿ ಸಂಪಾದಿಸಿದ್ದು. ದೊಡ್ಡಪ್ಪನಿಗೆ ಅದೂ ತಮಾಷೆಯೇ. "ಬಿಎ ಅಂತೆ ಬಿಎ! ನಮ್ಮ ಕುರಿಗಳೂ ದಿನಾ ಬ್ಯಾ ಅಂತಾವೆ, ಯಾರ್ ಕೇಳ್ತಾರೆ?"

ಹಟ್ಟಿ ಇರುವುದು ಸರ್ಕಾರಿ ಜಾಗದಲ್ಲಿ. ತಾತನ ಕಾಲದವರು ಕುರಿ ಹೊಡೆದುಕೊಂಡು ಬಂದು ನಿಂತರು, ನಿಂತಲ್ಲೇ ಗೋಡೆ ಎದ್ದಿತು. ಅಪ್ಪ ಹೋದ ಮೇಲೆ ನಮ್ಮ ಮನೆಯ ಹಿಂದಿನ ಗೋಡೆಯನ್ನು ಅವ್ವ ತಾನೇ ಕಲ್ಲು ಹೊತ್ತು ಕಟ್ಟಿದ್ದಳು. ಆದರೆ ಕಾಗದದಲ್ಲಿ ನಾವು ಎಲ್ಲೂ ಇರಲಿಲ್ಲ. ನಾಳೆ ಯಾರಾದರೂ ಬಂದು "ಏಳ್ರಿ" ಅಂದರೆ ತೋರಿಸಲು ಒಂದು ಚೀಟಿಯೂ ಇಲ್ಲ. ಇಂಥ ಹಟ್ಟಿಗಳಿಗೆ ಹಕ್ಕುಪತ್ರ ಕೊಡುತ್ತಾರೆ, ಎಲ್ಲರೂ ಒಟ್ಟಾಗಿ ಕೇಳಬೇಕು ಎಂದು ನನಗೆ ಗೊತ್ತಾಗಿದ್ದೇ ಕಾಲೇಜಿನಲ್ಲಿ. ಬೇವಿನಮರದ ಕೆಳಗೆ ಹೆಂಗಸರನ್ನೆಲ್ಲ ಕೂರಿಸಿಕೊಂಡು ಮನೆಗೊಂದರಂತೆ ಅರ್ಜಿ ಬರೆದೆ. ಬರೆದೂ ಬರೆದೂ ಪರೀಕ್ಷೆಯಲ್ಲೂ ಅಷ್ಟು ಕೈ ನೋಯಿಸಿಕೊಂಡಿರಲಿಲ್ಲ.

ಸರ್ವೆಗೆ ಒಬ್ಬರು ಬಂದರು. ಬೇರೆ ಸೀಮೆಯಿಂದ ವರ್ಗವಾಗಿ ಬಂದ ಹೊಸಬರು, ಒಳ್ಳೆಯವರು. ಅವತ್ತು ನಾನು ಊರಲ್ಲಿರಲಿಲ್ಲ. ತಿಂಗಳ ಮೇಲೆ ತಾಲ್ಲೂಕು ಕಚೇರಿಯಲ್ಲಿ ಪಟ್ಟಿ ಅಂಟಿಸಿದರು. ಹೋಗಿ ಬೆರಳಿಟ್ಟು ಓದಿದೆ. "ವಾಸದ ಮನೆ ಇದೆಯೇ?" ಎಂಬ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೂ ಒಂದೇ ಪದ: ಇಲ್ಲ. ಇಲ್ಲ. ಇಲ್ಲ.

ಬಂದು ಕೇಳಿದೆ. "ಅವ್ವಾ, ಅವ್ರು ಬಂದಾಗ ಏನಂದೆ?"

"ಏನಂತೀನಿ? ಇಲ್ಲೇನು, ಮನೆ ಐತಾ ಅಂದ್ರು. ಇಲ್ಲು, ಇಲ್ಲು ಅಂದೆ."

"ನಾನೂ ಅದೇ ಅಂದಿದ್ದು" ಎಂದಳು ಪಕ್ಕದವಳು.

ನಾನು ತಲೆ ಹಿಡಿದುಕೊಂಡು ಕೂತೆ, ಆಮೇಲೆ ನಗು ತಡೆಯಲಾಗಲಿಲ್ಲ. ನಮ್ಮ ಹಟ್ಟಿಯಲ್ಲಿ ಹೊಸ್ತಿಲೊಳಗೆ ತೆಲುಗು, ಬಸ್ಸು ಹತ್ತಿದರೆ ಕನ್ನಡ. ತೆಲುಗಿನಲ್ಲಿ ಇಲ್ಲು ಅಂದರೆ ಮನೆ. ಇಡೀ ಹಟ್ಟಿ ಹೊಸ್ತಿಲ ಮೇಲೆ ನಿಂತು "ಮನೆ, ಮನೆ" ಎಂದು ಕೂಗಿದೆ. ಪಾಪ, ಆ ಮನುಷ್ಯ "ಇಲ್ಲ, ಇಲ್ಲ" ಎಂದು ಬರೆದುಕೊಂಡು ಹೋಗಿದ್ದಾರೆ.

"ನಾ ಹೇಳ್ಲಿಲ್ವಾ?" ಎಂದರು ದೊಡ್ಡಪ್ಪ.

"ನೀವೇನಂದ್ರಿ ದೊಡ್ಡಪ್ಪ?"

ಅವರು ಬೀಡಿ ಹುಡುಕತೊಡಗಿದರು.

ಮರುದಿನ ಒಬ್ಬೊಬ್ಬರೇ ಹೋಗಲಿಲ್ಲ. ಬುತ್ತಿ ಕಟ್ಟಿಕೊಂಡು ಇಡೀ ಹಟ್ಟಿಯೇ ಕಚೇರಿಗೆ ಹೋಯಿತು. "ಮನೆ ಇಲ್ಲ ಅಂತ ನೀವೇ ಹೇಳಿದ್ದೀರಲ್ಲಮ್ಮ" ಎಂದರು ಅಲ್ಲಿನ ಅಧಿಕಾರಿ. ನಾನು ವಿವರಿಸಿದೆ. ಅವರು ಎರಡು ಸಲ ಕೇಳಿಸಿಕೊಂಡು, ಮೂರನೆಯ ಸಲಕ್ಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಮತ್ತೆ ಸರ್ವೆ ಮಾಡಿಸಲು ಒಪ್ಪಿದರು. "ಇದೇ ಕೊನೆ ನೋಡಿ" ಎಂದೂ ಸೇರಿಸಿದರು.

ಒಂದು ವಾರ ಬೇವಿನಮರದ ಕೆಳಗೆ ಒಂದೇ ಪದದ ಪಾಠ. ನಾನು "ಇದೇನು?" ಅನ್ನುವುದು, ಅವರು "ಮನೆ!" ಅನ್ನುವುದು. ಮಕ್ಕಳು ಕಲಿತರು, ಅಜ್ಜಿಯರು ಕಲಿತರು. ದೊಡ್ಡಪ್ಪ ಮಾತ್ರ ಎಷ್ಟು ಸಲ ಕೇಳಿದರೂ ಮೀಸೆ ತಿರುವಿ ಗಟ್ಟಿಯಾಗಿ "ಇಲ್ಲು!" ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಅಂದದ್ದು, ನಾಲಗೆ ಬಿಡಬೇಕಲ್ಲ.

ಕೊನೆಗೆ ಅವ್ವ ಎದ್ದು ಸೆರಗು ಕೊಡವಿದಳು. "ಯಾರೂ ಬಾಯೇ ಬಿಡ್ಬ್ಯಾಡ್ರಿ. ಅವತ್ತು ಎಲ್ರೂ ಒಲೆ ಹಚ್ರಿ. ಕುರಿ ಕೂಡೋ ರೊಪ್ಪಕ್ಕೆ ಯಾರಾನ ಒಲೆ ಹಾಕ್ತಾರಾ?"

ಬಿ.ಎ. ಓದಿದ ನನಗೆ ಇದು ಹೊಳೆದಿರಲಿಲ್ಲ.

ಸರ್ವೆಯವರು ಬಂದಾಗ ಮಟಮಟ ಮಧ್ಯಾಹ್ನ. ಮನೆಮನೆಯಲ್ಲೂ ಒಲೆ, ಒಲೆಯ ಮೇಲೆ ರೊಟ್ಟಿ, ಹಟ್ಟಿಯ ತುಂಬ ಹೊಗೆ. ದೊಡ್ಡಪ್ಪನನ್ನು ಕುರಿಗಳ ಜೊತೆ ಮೇವಿನ ಕಾವಲಿಗೆ ಅಟ್ಟಿದ್ದೆವು. ಸರ್ವೆಯವರು ಕೆಮ್ಮುತ್ತಾ, ಕಣ್ಣುಜ್ಜುತ್ತಾ ಒಂದೊಂದೇ ಬಾಗಿಲಲ್ಲಿ ಬಗ್ಗಿ ನೋಡಿದರು. "ಇದು..." ಎಂದು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಬಿಸಿ ರೊಟ್ಟಿ ಕೈಗೆ ಬರುತ್ತಿತ್ತು. ನಮ್ಮ ಬಾಗಿಲಿಗೆ ಬಂದಾಗ ಕೈಯೆತ್ತಿ ಮುಗಿದೇಬಿಟ್ಟರು. "ಗೊತ್ತಾಯ್ತಮ್ಮಾ, ಮನೆ. ಇನ್ನು ರೊಟ್ಟಿ ಹಿಡ್ಸಲ್ಲ."

ಪಟ್ಟಿ ಬದಲಾಯಿತು. ಆಮೇಲೆ ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು. ಕಾಗದ ನಮ್ಮ ಕುರಿಗಳಿಗಿಂತ ನಿಧಾನ. ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ಆ ಅಧಿಕಾರಿಯ ಮೇಜಿನ ಮುಂದೆ ನಿಲ್ಲುತ್ತಿದ್ದೆ. ಅವರೇ "ಇಲ್ಲು ಮೇಡಂ ಬಂದ್ರು" ಅನ್ನತೊಡಗಿದರು.

ಕೊಡುವ ದಿನ ಮೊಳಕಾಲ್ಮೂರಿನಲ್ಲಿ ಶಾಮಿಯಾನ ಹಾಕಿದ್ದರು. ಅವ್ವನ ಹೆಸರು ಕೂಗಿದಾಗ ಅವಳು ಚಪ್ಪಲಿ ಕೆಳಗೇ ಬಿಟ್ಟು ವೇದಿಕೆ ಹತ್ತಿದಳು. ಅಧಿಕಾರಿ ಎರಡೂ ಕೈಯಲ್ಲಿ ಹಕ್ಕುಪತ್ರ ಕೊಟ್ಟು, ಮೈಕು ಅವಳ ಬಾಯಿಯ ಹತ್ತಿರ ಹಿಡಿದರು.

"ಇದು ಯಾವುದರ ಪತ್ರ ಹೇಳಮ್ಮಾ?"

ಅವ್ವ ಪತ್ರವನ್ನು ಎದೆಗೊತ್ತಿಕೊಂಡು ಮೈಕಿನ ಕಡೆ ಬಗ್ಗಿದಳು. ಅವಳ ತುಟಿ ಅಲುಗಿದ್ದು ನನಗೆ ಕಂಡಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ದೊಡ್ಡಪ್ಪ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದರು:

"ಮನೆ ಅನ್ನಮ್ಮೋ, ಮನೆ! ಇಲ್ಲು ಗಿಲ್ಲು ಅಂದೀಯ, ತಿರ್ಗಾ ಕಸ್ಕಂತಾರೆ!"