ಕಿವಿಗೆ ಮಾಡುವ ಮದ್ದು

ತಂಗಿ ಡಾಕ್ಟರ ಹತ್ತಿರ ಜೊತೆಗೆ ಬಾ ಎಂದು ಕರೆದಿದ್ದಳು. ನಾನು ಹೋಗಲಿಲ್ಲ. ಅವಳು ಬೇರೆ ಯಾರಿಗೂ ಹೇಳಿರಲಿಲ್ಲ.

ಅವಳಿಗೆ ಆಗ ಇಪ್ಪತ್ತಾರು. ಬೇಲಾಪುರದ ಒಂದು ಆಫೀಸಿನಲ್ಲಿ ಕೆಲಸ, ವಾಸ ಡೊಂಬಿವಲಿಯಲ್ಲಿ ನಮ್ಮ ಜೊತೆ. ಅಮ್ಮನೂ ನಮ್ಮಲ್ಲೇ. ಒಂದು ಭಾನುವಾರ ಅಮ್ಮ ನಮ್ಮ ಊರಿನವರ ಸಂಘದ ಭಜನೆಗೆ ಹೋದ ಮೇಲೆ ತಂಗಿ ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ ಕುರ್ತಾ ಎತ್ತಿದಳು. ಎಡ ಮೊಲೆಯ ತೊಟ್ಟಿಗೆ ಅಡ್ಡಲಾಗಿ ಒಂದು ಸಣ್ಣ ಲೋಹದ ಕಡ್ಡಿ, ಎರಡೂ ತುದಿಗೆ ಗುಂಡು. ಸುತ್ತ ಕೆಂಪಾಗಿ ಊದಿತ್ತು.

"ಎಂತ ಮಾರಾಯ್ತಿ ಇದು! ಅಲ್ಲಿಗೂ ಮೂಗುತಿಯಾ?"

"ನಗ್ಬೇಡ ಅಕ್ಕಾ. ಬಹುತ್ ದುಖ್ ರಹಾ ಹೈ, ತುಂಬಾ ನೋವು."

ಠಾಣೆಯಲ್ಲಿ ಹಚ್ಚೆ ಹಾಕುವ ಅಂಗಡಿಯಲ್ಲಿ ಚುಚ್ಚಿಸಿಕೊಂಡದ್ದು. ಅವಳ ಎದುರೇ ಹೊಸ ಸೂಜಿಯ ಪ್ಯಾಕೆಟ್ ಒಡೆದಿದ್ದರಂತೆ. ಪೂರ್ತಿ ಮಾಯಲಿಕ್ಕೆ ವರ್ಷವೇ ಬೇಕಾದೀತು, ಉಪ್ಪುನೀರಿನಲ್ಲಿ ತೊಳೆಯುತ್ತಿರು, ಕೈ ಹಚ್ಚಬೇಡ ಎಂದಿದ್ದರಂತೆ. ಆದರೆ ದಿನಾ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ನೂಕುನುಗ್ಗಲು. ಯಾರದೋ ಬ್ಯಾಗಿನ ಪಟ್ಟಿ ಅಂಗಿಯ ಮೇಲಿನಿಂದಲೇ ಅದಕ್ಕೆ ಸಿಕ್ಕಿ ಎಳೆದಿತ್ತು. ಆಮೇಲೆ ಕೀವು.

"ನಮ್ಮ ಡಾಕ್ಟರ್ ಬೇಡ," ಎಂದೆ. "ಅವರ ಹೆಂಡತಿ ಭಜನೆಯಲ್ಲಿ ಅಮ್ಮನ ಪಕ್ಕ ಕೂರುವುದು."

"ಬದಲಾಪುರಕ್ಕೆ ಹೋಗುವಾ. ಅಲ್ಲಿ ನಮ್ಮನ್ನು ಯಾರು ನೋಡ್ತಾರೆ?"

"ಅಲ್ಲಿಯೂ ನಮ್ಮ ಊರಿನವರ ಹೋಟೆಲ್ ಉಂಟು."

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಸಣ್ಣವಳಿದ್ದಾಗ ಕಿವಿ ಚುಚ್ಚಿಸಿದಲ್ಲಿ ನನಗೆ ಕೀವು ಕಟ್ಟಿತ್ತು. ಅಜ್ಜಿ ಕಿವಿಯ ಒಂಟಿ ತೆಗೆದು, ತೆಂಗಿನೆಣ್ಣೆಯಲ್ಲಿ ಅರಿಶಿನ ಬಿಸಿ ಮಾಡಿ ಹಚ್ಚಿದರು. ಗುಣವಾಯಿತು. ನಮ್ಮಲ್ಲಿ ಎಲ್ಲರಿಗೂ ಅದೇ ಮದ್ದು. ಇದನ್ನೂ ತೆಗೆಯುವಾ ಎಂದೆ.

"ತೆಗೆದ್ರೆ ಮುಚ್ಚಿ ಹೋಗ್ತದೆ ಅಕ್ಕಾ. ಡಾಕ್ಟರನ್ನು ಕೇಳದೆ ತೆಗೀಬಾರ್ದು ಅಂತ ಅಂಗಡಿಯಲ್ಲಿ ಹೇಳಿದ್ರು."

"ಮುಚ್ಚಲಿ. ಅಮ್ಮ ನೋಡುವ ಮೊದಲು ಮುಚ್ಚಲಿ."

ಗುಂಡು ತಿರುಗಿಸಿ ಕಡ್ಡಿ ಎಳೆದದ್ದು ನಾನೇ. ಅವಳು ದಿಂಬು ಕಚ್ಚಿಕೊಂಡಳು. ಬೆಳಿಗ್ಗೆ ಸಂಜೆ ಎಣ್ಣೆ ಹಚ್ಚಿದೆ. ತೂತು ಬೇಗ ಮುಚ್ಚಿತು. ಒಳ್ಳೆಯದಾಯಿತು ಎಂದುಕೊಂಡೆ. ಆಮೇಲೆ ಅವಳಿಗೆ ನಡುಕ ಬಂದು ಜ್ವರ ಏರಿತು. ಎದೆ ಒಂದು ಬದಿ ಗಟ್ಟಿಯಾಗಿ, ಮುಟ್ಟಿದರೆ ಸುಡುತ್ತಿತ್ತು. ಆಗಲೂ ಜ್ವರದ ಮಾತ್ರೆಯನ್ನಷ್ಟೇ ಕೊಟ್ಟೆ. ಆಫೀಸಿನ ಏಸಿಯಿಂದ ಶೀತ ಎಂದು ಅಮ್ಮನಿಗೆ ಹೇಳಿದೆ.

ಕೈ ಎತ್ತಲಾಗದಾದ ದಿನ ಅವಳು ಆಫೀಸಿಗೆಂದು ಹೊರಟು ಠಾಣೆಯಲ್ಲೇ ಇಳಿದಳು. ವರ್ತಕ ನಗರದ ಕಡೆ ಒಂದು ಆಸ್ಪತ್ರೆಗೆ ಒಬ್ಬಳೇ ಹೋಗಿ, ಅಲ್ಲಿಂದ ಫೋನ್ ಮಾಡಿದಳು. ನಾನು ಅನ್ನದ ಕುಕ್ಕರ್ ಆರಿಸಿ ಹೊರಟೆ. ರೈಲಿನಲ್ಲಿ ಏನೂ ಅನಿಸಲಿಲ್ಲ. ಎದುರಿನ ಹೆಂಗಸು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಅದನ್ನೇ ನೋಡುತ್ತಾ ಕೂತೆ.

ಡಾಕ್ಟರಮ್ಮ ಮರಾಠಿಯವರು. ಹಿಂದಿಯಲ್ಲಿ ಹೇಳಿದರು: ಚರ್ಮ ಮೇಲಿನಿಂದ ಮುಚ್ಚಿದ್ದರಿಂದ ಕೀವಿಗೆ ಹೊರಬರಲು ದಾರಿ ಇಲ್ಲದೆ ಒಳಗೆ ಗಡ್ಡೆಯಾಗಿದೆ, ಕೊಯ್ಯಬೇಕು. ಮುಂದೆ ಮಗುವಾದರೆ ಆ ಬದಿಯಲ್ಲಿ ಹಾಲು ಸರಿಯಾಗಿ ಬರುತ್ತದೋ ಇಲ್ಲವೋ ಈಗ ಹೇಳಲಾಗದು.

"ಈ ಎಣ್ಣೆ, ಅರಿಶಿನ ಹಚ್ಚಿದ್ದು ಯಾರು?"

"ನಾನೇ," ಎಂದಳು ತಂಗಿ, ಗೋಡೆ ನೋಡುತ್ತಾ.

ನಾನು ಅವಳ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಕೊಯ್ದ ಮೇಲೆ ದಿನಾ ಡ್ರೆಸಿಂಗ್. ಗಾಯದೊಳಗೆ ತುರುಕಿದ ಬಟ್ಟೆಯನ್ನು ಎಳೆದು ತೆಗೆದು ಹೊಸದು ತುಂಬುವುದು. ಅವಳು ನನ್ನ ಮುಂಗೈ ಹಿಡಿದುಕೊಳ್ಳುತ್ತಿದ್ದಳು. ಉಗುರಿನ ಗುರುತು ಏಳುತ್ತಿತ್ತು, ನನಗೆ ನೋವೆಂದು ಗೊತ್ತಾಗುತ್ತಿರಲಿಲ್ಲ. ಒಂದು ದಿನ ಡಾಕ್ಟರಮ್ಮ ಬಟ್ಟೆ ಎಳೆಯುತ್ತಾ ಅವಳನ್ನೇ ಮತ್ತೆ ಗದರಿದರು: ಇಷ್ಟು ಓದಿದವಳು, ಹೀಗಾ ಮಾಡುವುದು? ತಂಗಿ ತಲೆಯಾಡಿಸಿದಳು.

"ಇಸ್ನೇ ನಹೀ ಕಿಯಾ," ಎಂದೆ. "ಮೈನೇ ನಿಕಾಲಾ. ತೇಲ್ ಭೀ ಮೈನೇ ಲಗಾಯಾ." ಮಾಡಿದ್ದು ಇವಳಲ್ಲ, ಕಡ್ಡಿ ತೆಗೆದದ್ದೂ ಎಣ್ಣೆ ಹಚ್ಚಿದ್ದೂ ನಾನೇ ಎಂದು.

ಡಾಕ್ಟರಮ್ಮ ಕೈ ನಿಲ್ಲಿಸಿದರು. ತಂಗಿ ಕಣ್ಣು ತೆರೆದಳು.

"ಬಿಡು ಅಕ್ಕಾ."

"ಇಲ್ಲ ಮಗಾ. ಡಾಕ್ಟರ ಹತ್ತಿರ ಬಾ ಅಂತ ನೀನು ಕರೆದಿ. ನಾನು ಅವರಿವರ ಬಾಯಿಗೆ ಹೆದರಿ ನಿನ್ನನ್ನು ಮನೆಯಲ್ಲೇ ಕೂರಿಸಿದೆ. ತಪ್ಪಾಯ್ತು. ನನ್ನದೇ ತಪ್ಪು."